ಸ್ನಾಯು, ಪೇಶಿ, ಕಂಡ: ಕುರಿಯ ನಾಲಗೆಯ ಮಾಂಸವೃದ್ಧಿಯನ್ನು ಕುರಿತ ಶಬ್ದಚರಿತ್ರೆ

ಶಬ್ದವೊಂದು ಕಾಲದಿಂದ ಕಾಲಕ್ಕೆ ಅರ್ಥವನ್ನು ಬದಲಿಸುವುದು ಭಾಷಾಶಾಸ್ತ್ರವನ್ನು ಬಲ್ಲವರಿಗೆ ಹೊಸತಲ್ಲ. ಆದರೆ ಒಂದೇ ಕಾಲದಲ್ಲಿ, ಒಂದೇ ಊರಿನಲ್ಲಿ, ಒಂದು ಶಬ್ದವು ಎರಡು ವಿದ್ಯಾಶಾಲೆಗಳಲ್ಲಿ ಶರೀರದ ಎರಡು ಬೇರೆಬೇರೆ ಪದಾರ್ಥಗಳನ್ನು ಹೇಳುವುದಾದರೆ ಅದನ್ನು ವಿಚಾರಿಸದೆ ಬಿಡುವುದು ಯುಕ್ತವಲ್ಲ. ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯದಲ್ಲಿ ಕನ್ನಡ ಶಾಲೆಯ ವಿಜ್ಞಾನಪಾಠವನ್ನು ಓದುವ ಬಾಲಕನಿಗೆ 'ಸ್ನಾಯು' ಎಂದರೆ ಕುಗ್ಗಿ ಹಿಗ್ಗುವ ಮಾಂಸ. ತೋಳನ್ನು ಮಡಿಸಿದಾಗ ಉಬ್ಬಿ ನಿಲ್ಲುವ ಗಡ್ಡೆ. ಅದೇ ಸುಳ್ಯದ ಆಯುರ್ವೇದ ಮಹಾವಿದ್ಯಾಲಯದಲ್ಲಿ ಸುಶ್ರುತನ ಶಾರೀರಸ್ಥಾನವನ್ನು ಓದುವ ವಿದ್ಯಾರ್ಥಿಗೆ ಸ್ನಾಯುವೆಂದರೆ ಸಂಧಿಗಳನ್ನೂ ಅಂಗಗಳನ್ನೂ ಬಿಗಿದು ಕಟ್ಟುವ ನಾರು. ಮಾಂಸದ ಗಡ್ಡೆಗೆ ಅಲ್ಲಿ 'ಪೇಶಿ' ಎಂದು ಹೆಸರು. ಜಾಲ್ಸೂರಿನ ದಾರಿಯನ್ನು ಹಿಡಿದು ಪಶ್ಚಿಮಕ್ಕೆ ನಡೆದು ರಾಜ್ಯದ ಗಡಿಯನ್ನು ದಾಟಿದರೆ ಮಲೆಯಾಳದ ಪಾಠಪುಸ್ತಕವೂ ಪೇಶಿಯೆಂದೇ ಹೇಳುತ್ತದೆ. ಹೀಗೆ ಕನ್ನಡ ಶಾಲೆಯಿಂದ ವೈದ್ಯಶಾಲೆಗೆ ಹೋಗುವವನು ತಾನು ಕಲಿತ ಮಾತನ್ನು ಮರೆತು ಅದೇ ಮಾತನ್ನು ಬೇರೊಂದು ಅರ್ಥದಲ್ಲಿ ಪುನಃ ಕಲಿಯಬೇಕಾಗುತ್ತದೆ.

ತೋಳು ತೊಡೆಗಳಲ್ಲಿ ಈ ಗೊಂದಲವು ಅಷ್ಟಾಗಿ ಬಾಧಿಸುವುದಿಲ್ಲ. ಅಲ್ಲಿ ಮಾಂಸವು ನಡುವೆ ದಪ್ಪವಾಗಿಯೂ ನಾರು ತುದಿಯಲ್ಲಿ ಹುರಿಯಾಗಿಯೂ ಬೇರೆಬೇರೆ ನಿಂತಿವೆ. ಎರಡೂ ಒಂದರೊಳಗೊಂದು ಹೆಣೆದುಕೊಂಡು, ಬೇರೆಬೇರೆ ಗತಿಯಲ್ಲಿ ಬೆಳೆಯುವ ಅವಯವದಲ್ಲಿಯೇ ಶಬ್ದದ ದೋಷವು ವಸ್ತುಜ್ಞಾನದ ದೋಷವಾಗಿ ಪರಿಣಮಿಸುತ್ತದೆ. ನಾಲಗೆ ಅಂಥ ಅವಯವ. ಕುರಿಯ ನಾಲಗೆಯನ್ನೇ ಇಲ್ಲಿ ಆರಿಸಿಕೊಂಡುದಕ್ಕೆ ಎರಡು ಕಾರಣಗಳುಂಟು. ಪ್ರಾಣಿಯ ಮಾಂಸವು ವಯಸ್ಸಿನೊಡನೆ ಹೇಗೆ ಬದಲಾಗುತ್ತದೆಂಬ ವಿಷಯದ ಮುಖ್ಯ ಪರಿಶೋಧನೆಗಳಲ್ಲಿ ಹಲವು ಕುರಿಯ ಮೇಲೆಯೇ ನಡೆದವು. ಅಲ್ಲದೆ ಕಡಬ ತಾಲೂಕಿನ ಕೊಯಿಲದ ಪಶುಸಂವರ್ಧನ ಕ್ಷೇತ್ರದಲ್ಲಿ ಪಶುವೈದ್ಯ ಮಹಾವಿದ್ಯಾಲಯಕ್ಕೆಂದು ಕಟ್ಟಡಗಳು ಎದ್ದಿರುವುದರಿಂದ, ಪ್ರಾಣಿಶಾರೀರದ ಕನ್ನಡ ಪರಿಭಾಷೆ ಈ ಸೀಮೆಯವರಿಗೆ ಇನ್ನು ಮೇಲೆ ದೂರದ ಮಾತಲ್ಲ.

ವಿಷಯಕ್ಕೆ ಕೈಹಾಕುವ ಮೊದಲು ಒಂದು ಒಪ್ಪಂದವನ್ನು ಮಾಡಿಕೊಳ್ಳುವುದು ಅಗತ್ಯ. ಚರ್ಚೆಯಲ್ಲಿರುವ ಶಬ್ದವನ್ನೇ ಚರ್ಚೆಯ ಉಪಕರಣವಾಗಿ ಹಿಡಿದರೆ ಓದುಗರಿಗೆ ತೊಡಕಾಗುವುದು ಸಹಜ. ಆದುದರಿಂದ ಮುಂದೆ, ಕುಗ್ಗಿ ಹಿಗ್ಗುವ ಭಾಗವನ್ನು ಮಾಂಸಖಂಡವೆಂದೂ, ಅದರ ಒಂದೊಂದು ಎಳೆಯನ್ನು ಮಾಂಸತಂತುವೆಂದೂ, ಆ ಎಳೆಗಳನ್ನು ಸುತ್ತಿ ಕಟ್ಟಿಡುವ ಬಿಳಿಯ ಪದಾರ್ಥವನ್ನು ಬಂಧಕನಾರೆಂದೂ ಕರೆಯುತ್ತೇನೆ.

ಮೊದಲು ಪ್ರಾಣಿಯ ವಿಚಾರ. ಪುತ್ತೂರು, ಸುಳ್ಯ, ಕಡಬಗಳು ಈಗ ಮೂರು ತಾಲೂಕುಗಳಾದರೂ ಮದರಾಸು ಆಧಿಪತ್ಯದ ಕಾಲದಲ್ಲಿ ಉಪ್ಪಿನಂಗಡಿ ತಾಲೂಕೆಂಬ ಒಂದೇ ಹೆಸರಿನೊಳಗೆ ಅಡಗಿದ್ದ ಸೀಮೆ. ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನೆಲವು ಕುರಿಗೆ ಒಗ್ಗಿದ್ದಲ್ಲ. ಕುರಿಗೆ ಬೇಕಾದುದು ಒಣಹವೆ, ಬಯಲು, ಕುರುಚಲು ಹುಲ್ಲು. ಸತತವಾದ ಒದ್ದೆಯಲ್ಲಿ ಅದರ ಗೊರಸು ಕೊಳೆಯುತ್ತದೆ. ಹೊಟ್ಟೆಯ ಹುಳು ಹೆಚ್ಚುತ್ತದೆ. ಇಲ್ಲಿಯ ಹಟ್ಟಿಗಳಲ್ಲಿ ದನವುಂಟು, ಆಡುಂಟು. ಆಡಿಗೆ ತುಳುವಿನಲ್ಲಿ 'ಏಡ್' ಎಂಬ ಸ್ವಂತ ಹೆಸರೂ ಉಂಟು. ಗಡಿಯಾಚೆಯ ಮಲೆಯಾಳವಂತೂ ಕುರಿಯನ್ನು ಆಡಿನ ಹೆಸರಿಗೆ ಒಂದು ವಿಶೇಷಣವನ್ನು ಅಂಟಿಸಿ 'ಚೆಮ್ಮರಿಯಾಡ್' ಎಂದು ಗುರುತಿಸುತ್ತದೆ. ಆಡು ಮನೆಯ ಪ್ರಾಣಿ, ಕುರಿ ಹೊರಗಿನಿಂದ ಬಂದದ್ದು ಎಂಬುದಕ್ಕೆ ಆ ಶಬ್ದರಚನೆಯೇ ಸಾಕ್ಷಿ. ಹಾಗೆಂದು ಕುರಿಯ ನಾಡೇನೂ ದೂರವಿಲ್ಲ. ಶಿರಾಡಿಯ ಅಥವಾ ಬಿಸಿಲೆಯ ಘಟ್ಟವನ್ನು ಏರಿದರೆ ಹಾಸನ ಸೀಮೆ. ಕರ್ನಾಟಕದ ತಳಿಗಳೆಂದು ಹೆಸರಾದ ಮಂಡ್ಯ ಅಥವಾ ಬನ್ನೂರು, ಬಳ್ಳಾರಿ, ದಖನಿ, ಕೆಂಗುರಿಗಳ ಜೊತೆಗೆ ಹಾಸನದ ಹೆಸರಿನದೇ ಒಂದು ತಳಿಯುಂಟು. ಕುರಿಯು ಘಟ್ಟವನ್ನಿಳಿದು ಈ ತಾಲೂಕುಗಳಿಗೆ ಬಂದುದು ಸಂತೆಯ ಮಾಂಸವಾಗಿ ಮತ್ತು ಪುಸ್ತಕದ ಶಬ್ದವಾಗಿ. ನಮ್ಮ ಪ್ರಕೃತ ವಿಚಾರ ಎರಡನೆಯದು. ಆದರೆ ಮೊದಲನೆಯದನ್ನೂ ಮುಂದೆ ಸಾಕ್ಷಿಗೆ ಕರೆಯಬೇಕಾದೀತು.

ಕನ್ನಡದಲ್ಲಿ ಪಶುವೈದ್ಯದ ಗ್ರಂಥಸಂಪ್ರದಾಯವು ಹಳೆಯದು. ಚಾಳುಕ್ಯರಾಜಪುತ್ರನಾದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿ 'ಗೋವೈದ್ಯ'ವನ್ನು ರಚಿಸಿದನು. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದನ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು, ಅದು ಮನುಷ್ಯವೈದ್ಯ. ಅನಂತರ ಅಭಿನವಚಂದ್ರನು ಅಶ್ವವೈದ್ಯವನ್ನು ಬರೆದನು. ಹಸುವಿಗೂ ಕುದುರೆಗೂ ದೊರೆತ ಈ ಗೌರವ ಕುರಿಗೆ ದೊರೆಯಲಿಲ್ಲ. ಅರಮನೆಗೆ ಬೇಕಾದುದು ಕುದುರೆ, ಮಠಮಂದಿರಗಳಿಗೆ ಬೇಕಾದುದು ಹಸು; ಕುರಿಯ ಜ್ಞಾನವು ಕುರುಬರ ಬಾಯಲ್ಲಿ ಉಳಿದುಕೊಂಡಿತು.

ಆದುದರಿಂದ ನಾಲಗೆಯ ರಚನೆಯನ್ನು ಕುರಿತು ನಮ್ಮ ಶಾಸ್ತ್ರಕಾರರು ಏನು ತಿಳಿದಿದ್ದರೆಂಬುದಕ್ಕೆ ಮನುಷ್ಯಶಾರೀರವನ್ನೇ ನೋಡಬೇಕು. ಸುಶ್ರುತನು ಶರೀರದಲ್ಲಿ ೫೦೦ ಪೇಶಿಗಳನ್ನೂ ೯೦೦ ಸ್ನಾಯುಗಳನ್ನೂ ಎಣಿಸುತ್ತಾನೆ. ಪೇಶಿಗಳಲ್ಲಿ ೪೦೦ ಕೈಕಾಲುಗಳಲ್ಲಿ, ೬೬ ಮುಂಡದಲ್ಲಿ, ೩೪ ಕುತ್ತಿಗೆಯಿಂದ ಮೇಲೆ. ಈ ೩೪ರ ವಿವರವನ್ನು ಕೊಡುವಾಗ ದವಡೆಗಳಿಗೆ ಎಂಟು, ಕುತ್ತಿಗೆಗೆ ನಾಲ್ಕು, ಹಣೆಗೆ ನಾಲ್ಕು ಎಂದು ಉದಾರವಾಗಿ ಹಂಚಿದ ಅವನು ನಾಲಗೆಗೆ ಕೊಟ್ಟದ್ದು ಒಂದೇ ಒಂದು. ವಾಗ್ಭಟನೂ ಪೇಶಿಗಳ ಒಟ್ಟು ಮೊತ್ತವನ್ನು ಐನೂರೆಂದೇ ಹೇಳುತ್ತಾನೆ. ಸ್ನಾಯುವನ್ನು ಸುಶ್ರುತನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾನೆ: ಹರಡಿಕೊಂಡದ್ದು, ದುಂಡಗಿನದು, ಅಗಲವಾದದ್ದು, ರಂಧ್ರವುಳ್ಳದ್ದು. ದೋಣಿಯ ಹಲಗೆಗಳನ್ನು ಹಗ್ಗಗಳಿಂದ ಬಿಗಿದಾಗ ಅದು ಭಾರವನ್ನು ಹೊರಬಲ್ಲುದಾಗುವಂತೆ, ಸ್ನಾಯುಗಳಿಂದ ಬಿಗಿದ ಶರೀರವು ಭಾರವನ್ನು ಹೊರುತ್ತದೆ ಎಂಬುದು ಅವನ ಉಪಮೆಯ ತಾತ್ಪರ್ಯ. ಇಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ: ಹಲಗೆಯಲ್ಲ, ಹಗ್ಗವೇ ಸ್ನಾಯು.

ಈ ಅರ್ಥವು ವೈದ್ಯರಿಗೆ ಮಾತ್ರ ಸೀಮಿತವಾಗಿರಲಿಲ್ಲ. ಮೈಸೂರಿನ ರುದ್ರಪಟ್ಟಣ ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬಿಲ್ಲಿನ ಹೆದೆಗೆ ತಕ್ಕ ಸಾಮಗ್ರಿಗಳನ್ನು ಹೇಳುವಲ್ಲಿ ಸೆಣಬು ಮೊದಲಾದ ನಾರುಗಳ ಜೊತೆಗೆ ಸ್ನಾಯುವಿನ ಹೆಸರೂ ಬರುತ್ತದೆ. ಸತ್ತ ಪಶುವಿನಿಂದ ತೆಗೆದಿರಿಸಬೇಕಾದ ಪದಾರ್ಥಗಳಲ್ಲಿ ಕೂದಲು, ಚರ್ಮ, ಕೊಂಬು, ಗೊರಸುಗಳ ಸಾಲಿನಲ್ಲಿ ಅದು ಪುನಃ ಕಾಣಿಸುತ್ತದೆ. ಮಾಂಸದಿಂದ ಹೆದೆಯನ್ನು ಹೊಸೆಯುವವರು ಯಾರೂ ಇಲ್ಲ. ಪೇಶಿಯ ಚರಿತ್ರೆ ಇನ್ನೂ ಕುತೂಹಲಕರ. ಗರ್ಭದ ಎರಡನೆಯ ತಿಂಗಳಿನ ಘನರೂಪಗಳಲ್ಲಿ ಒಂದಕ್ಕೆ ವೈದ್ಯರು ಪೇಶಿಯೆಂದರು. ಅಮರಸಿಂಹನು ತನ್ನ ಕೋಶದಲ್ಲಿ ಪೇಶಿ, ಕೋಶ, ಅಂಡಗಳನ್ನು ಮೊಟ್ಟೆಯ ಪರ್ಯಾಯಗಳೆಂದು ಒಟ್ಟಿಗೆ ಇಟ್ಟನು. ಈಗ ಮರಾಠಿಯಲ್ಲಿ ಜೀವದ ಅತಿಸೂಕ್ಷ್ಮ ಘಟಕಕ್ಕೆ 'ಪೇಶಿ' ಎಂದೂ ಕನ್ನಡದಲ್ಲಿ 'ಜೀವಕೋಶ'ವೆಂದೂ ಹೆಸರಿರುವುದನ್ನು ನೋಡಿದರೆ, ಅಮರನ ಒಂದು ಸಾಲಿನ ಎರಡು ಪರ್ಯಾಯಗಳು ನೆರೆಹೊರೆಯ ಎರಡು ಭಾಷೆಗಳಲ್ಲಿ ಒಂದೇ ಕೆಲಸಕ್ಕೆ ನಿಂತಂತೆ ಕಾಣುತ್ತದೆ.

ಸುಶ್ರುತನಿಗೆ ನಾಲಗೆಯಲ್ಲಿ ಒಂದೇ ಪೇಶಿ ಏಕೆ ಕಂಡಿತು? ಉತ್ತರವು ಅವನ ಶವಪರೀಕ್ಷೆಯ ವಿಧಾನದಲ್ಲಿದೆಯೆಂದು ನನ್ನ ಎಣಿಕೆ. ಶವವನ್ನು ಹುಲ್ಲಿನಿಂದ ಸುತ್ತಿ, ಹರಿಯುವ ನೀರಿನಲ್ಲಿ ಮರೆಯಾದ ಎಡೆಯಲ್ಲಿ ಏಳು ರಾತ್ರಿ ಇಟ್ಟು, ಚೆನ್ನಾಗಿ ಕೊಳೆತ ಮೇಲೆ ಲಾವಂಚದ ಬೇರು, ಕೂದಲು, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜಿ ಪದರಪದರವಾಗಿ ನೋಡಬೇಕೆಂದು ಅವನು ವಿಧಿಸುತ್ತಾನೆ. ನೀರಿನಲ್ಲಿ ಕೊಳೆಯುವಾಗ ಮೃದುವಾದ ಮಾಂಸವು ಮೊದಲು ಕರಗುತ್ತದೆ. ಬಿಳಿಯ ಹುರಿಗಳು ಕಡೆಯವರೆಗೆ ಉಳಿಯುತ್ತವೆ. ೯೦೦ ಸ್ನಾಯುಗಳನ್ನು ಕಂಡ ಕಣ್ಣು ೫೦೦ ಪೇಶಿಗಳಲ್ಲಿ ತೃಪ್ತಿಹೊಂದಿದ್ದು ಇದರಿಂದಲೇ ಇರಬೇಕು. ಎಲುಬಿಗೆ ಅಂಟಿ ನಿಲ್ಲುವ ಮಾಂಸದಂತೆ ನಾಲಗೆಯ ಮಾಂಸಕ್ಕೆ ಪ್ರತ್ಯೇಕ ತುದಿಗಳಿಲ್ಲ. ಕುಂಚಕ್ಕೆ ಸಿಕ್ಕಿದಾಗ ಅದು ಒಂದೇ ಮುದ್ದೆಯಾಗಿ ತೋರುವುದು ಸ್ವಾಭಾವಿಕ. ಆದರೂ ನಾಲಗೆಯ ಉತ್ಪತ್ತಿಯನ್ನು ಹೇಳುವಲ್ಲಿ ಸುಶ್ರುತನು ಗಮನಾರ್ಹವಾದೊಂದು ಮಾತನ್ನು ಆಡಿದ್ದಾನೆ. ಊದಿ ಕಾಯಿಸಿದ ಚಿನ್ನದ ಸಾರದಂತೆ ಕಫ, ರಕ್ತ, ಮಾಂಸಗಳ ಸಾರವು ಗರ್ಭದಲ್ಲಿ ಪಕ್ವವಾಗಿ ನಾಲಗೆಯಾಗುತ್ತದೆಂಬುದು ಅವನ ಮತ. ನಾಲಗೆ ಶುದ್ಧಮಾಂಸವಲ್ಲ, ಬೆರಕೆಯ ವಸ್ತುವೆಂಬ ಅರಿವು ಇದರಲ್ಲಿ ಇದ್ದೇ ಇದೆ.

ಸುಶ್ರುತನು ನೀರಿನಲ್ಲಿ ಕೊಳೆಸಿದ ಹಾಗೆ ಬೊಲೋನ್ಯದ ಮಾರ್ಚೆಲ್ಲೊ ಮಾಲ್ಪಿಘಿಯು ನೀರಿನಲ್ಲಿ ಬೇಯಿಸಿದನು. ೧೬೬೫ರಲ್ಲಿ ಪ್ರಕಟವಾದ ನಾಲಗೆಯನ್ನು ಕುರಿತ ಅವನ ಪ್ರಬಂಧದ ಮುಖ್ಯ ಆಧಾರ ಬೆಂದ ಎತ್ತಿನ ನಾಲಗೆ. ಬೇಯಿಸಿದಾಗ ಮೇಲಿನ ಸಿಪ್ಪೆ ಸುಲಿದು ಬರುತ್ತದೆ. ಅದರಡಿಯಲ್ಲಿ ಬಲೆಯಂಥ ಪದರ, ರುಚಿಯ ಮೊಗ್ಗುಗಳು, ಅವುಗಳಿಗೂ ಅಡಿಯಲ್ಲಿ ಉದ್ದ, ಅಡ್ಡ, ನೆಟ್ಟಗೆ ಹೆಣೆದ ಮಾಂಸದ ಎಳೆಗಳು ಅವನಿಗೆ ಕಂಡವು. ಅದೇ ದಶಕದಲ್ಲಿ ಡೆನ್ಮಾರ್ಕಿನ ಸ್ಟೆನೊ ಮಾಂಸಖಂಡವೆಂಬುದು ಎಳೆಗಳ ಕಟ್ಟು, ಕುಗ್ಗುವ ಶಕ್ತಿ ಆ ಎಳೆಯದೇ ಎಂದು ಪ್ರತಿಪಾದಿಸುತ್ತಿದ್ದನು. ೧೮೪೦ರಲ್ಲಿ ಇಂಗ್ಲೆಂಡಿನ ವಿಲಿಯಂ ಬೋಮನ್ ಮಾಂಸತಂತುವಿನ ಅಡ್ಡಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ವಿವರವಾಗಿ ವರ್ಣಿಸಿದನು. ಕೊಳೆಸುವುದು, ಬೇಯಿಸುವುದು, ಮಸೂರದಡಿಯಲ್ಲಿ ನೋಡುವುದು, ಇವುಗಳಲ್ಲಿ ಒಂದೊಂದೂ ಒಂದೊಂದು ಬಗೆಯ ನಾಲಗೆಯನ್ನು ತೋರಿಸಿತು.

ಈಗಿನ ಶಾರೀರಶಾಸ್ತ್ರವು ಕುರಿಯ ನಾಲಗೆಯ ಮಾಂಸವನ್ನು ಎರಡು ವರ್ಗ ಮಾಡುತ್ತದೆ. ಗಲ್ಲದ ಎಲುಬು, ಗಂಟಲಿನ ಎಲುಬು, ಇವುಗಳಿಂದ ಹೊರಟು ನಾಲಗೆಯೊ‌ಳಗೆ ಹರಡುವ ಹೊರಖಂಡಗಳು ಒಂದು ವರ್ಗ. ನಾಲಗೆಯಲ್ಲೇ ಹುಟ್ಟಿ ನಾಲಗೆಯಲ್ಲೇ ಮುಗಿಯುವ ಒಳಖಂಡಗಳು ಇನ್ನೊಂದು. ಒಳಖಂಡಗಳ ಎಳೆಗಳು ಉದ್ದಕ್ಕೆ, ಅಡ್ಡಕ್ಕೆ, ಮೇಲಿನಿಂದ ಕೆಳಕ್ಕೆ ಹೀಗೆ ಮೂರು ದಿಕ್ಕುಗಳಲ್ಲಿ ಚಾಪೆಯ ಹೆಣಿಗೆಯಂತೆ ಹೆಣೆದುಕೊಂಡಿವೆ. ಎಲುಬಿಲ್ಲದ ನಾಲಗೆ ಎಂಬ ಲೋಕೋಕ್ತಿಯನ್ನು ನಾವು ಮಾತು ತಪ್ಪುವವರ ಮೇಲೆ ಪ್ರಯೋಗಿಸುತ್ತೇವೆ. ಎಲುಬಿಲ್ಲದೆಯೂ ಅದು ಹೇಗೆ ನಿಲ್ಲುತ್ತದೆ, ಚಾಚುತ್ತದೆ ಎಂಬುದಕ್ಕೆ ೧೯೮೫ರಲ್ಲಿ ಕೀಯರ್ ಮತ್ತು ಸ್ಮಿತ್ ಎಂಬ ಅಮೆರಿಕದ ವಿದ್ವಾಂಸರು ಆನೆಯ ಸೊಂಡಿಲನ್ನೂ ಅಷ್ಟಪದಿಯ ತೋಳನ್ನೂ ಜೊತೆಗಿಟ್ಟು ಸಮಾಧಾನ ಹೇಳಿದರು: ಮಾಂಸದ ಗಾತ್ರವು ಬದಲಾಗದಿರುವುದರಿಂದ ಅಡ್ಡ ಎಳೆಗಳು ಕುಗ್ಗಿ ಅಗಲ ಕಡಮೆಯಾದರೆ ಉದ್ದವು ತಾನಾಗಿ ಹೆಚ್ಚಲೇಬೇಕು.

ಮರಿಯ ನಾಲಗೆ ಬೆಳೆದು ಕುರಿಯ ನಾಲಗೆಯಾಗುವ ಕಥೆ ಹುಟ್ಟುವುದಕ್ಕೆ ಬಹು ಮೊದಲೇ ಆರಂಭವಾಗುತ್ತದೆ. ಕುರಿಯ ಗರ್ಭಕಾಲ ಸುಮಾರು ೧೪೭ರಿಂದ ೧೫೦ ದಿನ. ಮೊದಲು ಕೆಲವೇ ಆದಿಮ ತಂತುಗಳು ಮೂಡಿ, ಅವುಗಳ ಮೈಯನ್ನೇ ಆಧಾರವಾಗಿ ಹಿಡಿದು ಎರಡನೆಯ ತಲೆಮಾರಿನ ತಂತುಗಳು ಗುಂಪುಗುಂಪಾಗಿ ಬೆಳೆಯುತ್ತವೆ. ಗರ್ಭದ ನೂರು ದಿನಗಳು ಕಳೆದ ಕೆಲಕಾಲಕ್ಕೆ ಕುರಿಮರಿಯ ಮಾಂಸತಂತುಗಳ ಸಂಖ್ಯೆ ಬಹುಮಟ್ಟಿಗೆ ಪೂರ್ತಿಯಾಗಿಬಿಡುತ್ತದೆ. ಹುಟ್ಟಿದ ಮೇಲೆ ಎಳೆಗಳು ಎಣಿಕೆಯಲ್ಲಿ ಹೆಚ್ಚುವುದು ಅತ್ಯಲ್ಪ. ಇದ್ದವೇ ದಪ್ಪವಾಗುತ್ತವೆ, ಉದ್ದವಾಗುತ್ತವೆ. ಈ ತತ್ತ್ವವು ಮೊದಲು ಸ್ಪಷ್ಟವಾದುದು ಕುರಿಯಲ್ಲಲ್ಲ. ೧೮೯೭ರಲ್ಲಿ ಇಟಲಿಯ ಮೊರ್ಪುರ್ಗೊ ಓಡಿಸಿ ದಣಿಸಿದ ನಾಯಿಯ ತೊಡೆಯಲ್ಲಿ ಎಳೆಗಳು ದಪ್ಪವಾದವೇ ಹೊರತು ಹೆಚ್ಚಾಗಲಿಲ್ಲವೆಂದು ತೋರಿಸಿದನು. ಮರುವರ್ಷ ಮ್ಯಾಕ್‌ಕಲಮ್ ಮನುಷ್ಯನ ತೊಡೆಯ ಮಾಂಸಖಂಡವೊಂದರಲ್ಲಿ ಎಳೆಗಳ ಸಂಖ್ಯೆ ಜನನಕ್ಕೆ ಮೊದಲೇ ನಿಂತುಹೋಗುವುದನ್ನು ಕಂಡನು. ಕೇಂಬ್ರಿಜಿನ ಜಾನ್ ಹ್ಯಾಮಂಡ್ ೧೯೩೨ರಲ್ಲಿ ಕುರಿಯ ಮಾಂಸಗುಣಗಳ ಬೆಳವಣಿಗೆಯನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಹೊರತಂದಮೇಲೆ ಈ ವಿಚಾರವು ಕುರಿಯ ಹಟ್ಟಿಗೆ ಬಂದಿತು. ಕುರಿಯ ಮಾಂಸತಂತುವಿನ ದಪ್ಪವು ವಯಸ್ಸು, ಆಹಾರ, ಲಿಂಗಗಳನ್ನು ಅನುಸರಿಸುವ ಬಗೆಯನ್ನು ಜೂಬರ್ ಎಂಬ ವಿದ್ವಾಂಸನು ೧೯೫೬ರಲ್ಲಿ ಅಳೆದು ಬರೆದನು. ಇರುವ ಎಳೆಯು ದಪ್ಪವಾಗಬೇಕಾದರೆ ಅದಕ್ಕೆ ಹೊಸ ಜೀವಬೀಜಗಳು ಬೇಕು. ಅವನ್ನು ಒದಗಿಸುವ ಸಹಚರಕೋಶಗಳು ಎಳೆಯ ಅಂಚಿನಲ್ಲೇ ಒತ್ತಿಕೊಂಡು ಮಲಗಿರುವುದನ್ನು ೧೯೬೧ರಲ್ಲಿ ಅಲೆಕ್ಸಾಂಡರ್ ಮೌರೊ ಕಪ್ಪೆಯ ಮಾಂಸದಲ್ಲಿ ಕಂಡುಹಿಡಿದನು.

ಹ್ಯಾಮಂಡನ ಗ್ರಂಥದಲ್ಲಿ ನಮ್ಮ ಪ್ರಕೃತಕ್ಕೆ ಉಪಯೋಗವಾಗುವ ಮುಖ್ಯಾಂಶವೊಂದುಂಟು. ಕುರಿಯ ದೇಹವೆಲ್ಲ ಏಕಕಾಲಕ್ಕೆ ಬಲಿಯುವುದಿಲ್ಲ. ತಲೆ ಮತ್ತು ಕಾಲುಗಳು ಮೊದಲು ಬಲಿತು, ಬೆಳವಣಿಗೆಯ ಅಲೆಯು ಕ್ರಮೇಣ ನಡುಭಾಗಕ್ಕೆ ಸರಿದು, ಸೊಂಟವು ಕಡೆಗೆ ತುಂಬಿಕೊಳ್ಳುತ್ತದೆ. ಹುಟ್ಟಿದ ಮರಿಯ ದೊಡ್ಡ ತಲೆಯನ್ನೂ ಉದ್ದ ಕಾಲುಗಳನ್ನೂ ಕಂಡವರಿಗೆ ಇದು ಹೊಸತಲ್ಲ. ತಲೆಯೊಳಗಿನ ನಾಲಗೆಗಂತೂ ಮುಂಗಡವಾಗಿ ಬಲಿಯಲು ಬಲವಾದ ಕಾರಣವೇ ಇದೆ: ಮರಿ ಹುಟ್ಟಿದ ಗಳಿಗೆಯಲ್ಲೇ ಮೊಲೆಗೆ ಬಾಯಿಡಬೇಕು, ನಾಲಗೆಯನ್ನು ದೋಣಿಯಂತೆ ಮಡಿಸಿ ಹೀರಬೇಕು. ಕಾಲು ತೊಡರಿದರೆ ಎದ್ದು ನಿಲ್ಲಬಹುದು, ನಾಲಗೆ ತೊಡರಿದರೆ ಮರಿ ಉಳಿಯದು. ಇಲಿಯ ಮರಿಗಳಲ್ಲಿ ನಾಲಗೆಯ ಮಾಂಸತಂತುಗಳು ಕಾಲಿನವಕ್ಕಿಂತ ಮೊದಲೇ ಪ್ರೌಢವಾಗುವುದನ್ನು ಪರೀಕ್ಷಿಸಿ ಸ್ಥಾಪಿಸಿದ್ದಾರೆ.

ಹುಟ್ಟಿದ ಎರಡು ಮೂರು ವಾರಗಳಲ್ಲಿ ಮರಿ ಹುಲ್ಲನ್ನು ಕಚ್ಚಿ ಮೆಲುಕು ಹಾಕಲು ತೊಡಗುತ್ತದೆ. ಅಲ್ಲಿಗೆ ನಾಲಗೆಯ ಕೆಲಸವು ಬದಲಾಯಿತು. ದನವು ನಾಲಗೆಯನ್ನು ಹೊರಚಾಚಿ ಹುಲ್ಲಿನ ಹಿಡಿಯನ್ನು ಸುತ್ತಿ ಎಳೆಯುತ್ತದೆ. ಕುರಿ ಹಾಗಲ್ಲ, ಸೀಳಿದ ಮೇಲ್ತುಟಿಯಿಂದ ಹುಲ್ಲನ್ನು ಬಾಚಿ, ಕೆಳಹಲ್ಲಿಗೂ ಮೇಲಿನ ಒಸಡಿನ ಮೆತ್ತೆಗೂ ನಡುವೆ ಸಿಕ್ಕಿಸಿ ಕಿತ್ತುಕೊಳ್ಳುತ್ತದೆ. ಆದುದರಿಂದ ಕುರಿಯ ನಾಲಗೆಗೆ ದನದ ನಾಲಗೆಯ ಚಾಚುವ ಬಲವು ಬೇಡ. ಉಂಡೆಯನ್ನು ಒತ್ತಿ ತಿರುಗಿಸುವ ಬಲವು ಬೇಕು. ನಾಲಗೆಯ ಹಿಂಭಾಗದಲ್ಲಿ ಗೂನಿನಂತೆ ಎದ್ದ ದಪ್ಪಭಾಗವು ಈ ಕೆಲಸಕ್ಕೆ. ಬಳಸಿದಂತೆ ಎಳೆಗಳು ದಪ್ಪವಾಗುತ್ತವೆ. ಭ್ರೂಣಕಾಲದ ಕುಗ್ಗುವಸ್ತುವು ಹೋಗಿ ಪ್ರೌಢಕಾಲದ ಕುಗ್ಗುವಸ್ತುವು ಆ ಸ್ಥಳಕ್ಕೆ ಬರುತ್ತದೆ. ಒಂದೇ ಬಗೆಯಾಗಿದ್ದ ತಂತುಗಳು ಚುರುಕಿನವು, ನಿಧಾನದವು ಎಂದು ಕವಲೊಡೆಯುತ್ತವೆ. ಮೇಲಿನ ಚರ್ಮವು ಒರಟಾಗುತ್ತದೆ, ಎಳೆಗಳ ಸಂದುಗಳಲ್ಲಿ ಕೊಬ್ಬು ಸೇರುತ್ತದೆ.

ಇಷ್ಟೂ ಮಾಂಸತಂತುವಿನ ಮಾತಾಯಿತು. ಬಂಧಕನಾರಿನ ಚರಿತ್ರೆಯೇ ಬೇರೆ. ಅದು ಕೊಲಾಜೆನ್ ಎಂಬ ಪದಾರ್ಥದಿಂದಾದುದು. ಮರಿಯಲ್ಲಿ ಈ ನಾರಿನ ಎಳೆಗಳು ಒಂದನ್ನೊಂದು ಸಡಿಲವಾಗಿ ಹಿಡಿದಿರುತ್ತವೆ. ವಯಸ್ಸಾದಂತೆ ಎಳೆಗೂ ಎಳೆಗೂ ನಡುವೆ ಅಡ್ಡಕಟ್ಟುಗಳು ಬಿದ್ದು, ಅವು ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತವೆ. ಬೇಯಿಸಿದಾಗ ಮರಿಯ ನಾರು ಬೇಗ ಕರಗಿ ಅಂಟಾಗುತ್ತದೆ. ಬಲಿತ ಕುರಿಯ ನಾರು ಸುಲಭವಾಗಿ ಕರಗದು. ಇದನ್ನು ಪ್ರಯೋಗಶಾಲೆ ಹೇಳುವುದಕ್ಕೆ ಮೊದಲೇ ಅಡುಗೆಮನೆ ಬಲ್ಲುದು. ಘಟ್ಟದ ಮೇಲಿನ ಊರುಗಳಲ್ಲಿ ತಲೆಮಾಂಸದ ಸಾರನ್ನು ಮಾಡುವವರು ಎಳೆಯ ಮರಿಯದೋ ಬಲಿತ ಟಗರಿನದೋ ಎಂಬುದನ್ನು ನೋಡಿಯೇ ಉರಿಯ ಹೊತ್ತನ್ನು ನಿರ್ಣಯಿಸುತ್ತಾರೆ. ಸಂತೆಯಲ್ಲಿ 'ಬಲಿತದ್ದು' ಎನ್ನುವಾಗ ಗ್ರಾಹಕನು ದೂರುವುದು ಮಾಂಸದ ಎಳೆಯನ್ನಲ್ಲ, ಸುಶ್ರುತನ ಸ್ನಾಯುವನ್ನು. ಕನ್ನಡ ಪಾಠಪುಸ್ತಕದ ಪ್ರಕಾರವಾದರೋ ಇಲ್ಲಿ ಬೆಳೆದದ್ದೂ ಸ್ನಾಯು, ಬಿಗಿಯಾದದ್ದೂ ಸ್ನಾಯುವಿನ ನಡುವಣ ಇನ್ನಾವುದೋ ಎಂದು ಸುತ್ತಿಬಳಸಿ ಹೇಳಬೇಕಾಗುತ್ತದೆ.

ಹಗ್ಗದ ಹೆಸರು ಹಲಗೆಗೆ ಹೇಗೆ ಬಂತು ಎಂಬುದನ್ನು ಈಗ ನೋಡೋಣ. ಸಂಸ್ಕೃತದ ಒಂದೇ ಸ್ನಾಯು ಈಗ ನಮ್ಮ ದೇಶದ ಭಾಷೆಗಳಲ್ಲಿ ಮೂರು ದಾರಿಗಳನ್ನು ಹಿಡಿದಿದೆ. ಬಂಗಾಳಿಯಲ್ಲಿ ಅದು ಮಿದುಳಿನ ಆಜ್ಞೆಯನ್ನು ಒಯ್ಯುವ ನರ. ಹಿಂದಿಯ 'ಸ್ನಾಯುತಂತ್ರ'ದಲ್ಲಿಯೂ ಅದೇ ಅರ್ಥ. ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಅದು ಮಾಂಸಖಂಡ. ವೈದ್ಯಗ್ರಂಥಗಳಲ್ಲಿ ಮಾತ್ರ ಅದು ಹಿಂದಿನಂತೆ ಬಂಧಕನಾರು. ಮೋನಿಯರ್ ವಿಲಿಯಮ್ಸನು ೧೮೯೯ರ ತನ್ನ ಕೋಶದಲ್ಲಿ ನಾರು, ಮಾಂಸಖಂಡ, ನರ, ರಕ್ತನಾಳಗಳೆಲ್ಲವನ್ನೂ ಈ ಒಂದು ಶಬ್ದದ ಕೆಳಗೆ ಪೇರಿಸಿದನು. ಅದು ಕೋಶಕಾರನ ಔದಾರ್ಯ, ಓದುಗನ ಕಷ್ಟ. ಬಂಗಾಳಿಯ ದಾರಿಯು ಯುರೋಪಿನ ದಾರಿಯೂ ಹೌದು. ಗ್ರೀಕರ 'ನ್ಯೂರಾನ್', ರೋಮನರ 'ನೆರ್ವುಸ್' ಎರಡೂ ಮೊದಲು ಬಿಲ್ಲಿನ ಹೆದೆಯಂಥ ನಾರನ್ನೇ ಹೇಳುತ್ತಿದ್ದವು. ವೇದದ 'ಸ್ನಾವನ್' ಶಬ್ದಕ್ಕೂ ಅವಕ್ಕೂ ಮೂಲ ಒಂದೇ. ಶವದಲ್ಲಿ ನಾರೂ ನರವೂ ಬಿಳಿಯ ಹುರಿಗಳಾಗಿ ಒಂದೇ ತೆರನಾಗಿ ಕಾಣುವುದರಿಂದ ಈ ಜಾರುವಿಕೆ ಆಶ್ಚರ್ಯವಲ್ಲ.

ಕನ್ನಡ ಆ ದಾರಿಯನ್ನು ಹಿಡಿಯದಿರಲು ಕಾರಣ ಅದರ ಮನೆಯಲ್ಲೇ ಇದ್ದ 'ನರ'ವೆಂದು ನನ್ನ ಊಹೆ. ತಮಿಳಿನ ನರಂಬು, ಮಲೆಯಾಳದ ಞರಂಬು, ತೆಲುಗಿನ ನರಮು, ತುಳುವಿನ ನರ ಎಲ್ಲವೂ ಒಂದೇ ಬಳಗ. ತಮಿಳಿನಲ್ಲಿ ನರಂಬು ಯಾಳ್ ವಾದ್ಯದ ತಂತಿಯೂ ಆಗಿತ್ತು. ದೇಹದ ಹುರಿಯಂಥ ವಸ್ತುಗಳನ್ನೆಲ್ಲ ನರವೇ ಹೊತ್ತುಕೊಂಡಿದ್ದುದರಿಂದ, ಹೊಸ ವಿಜ್ಞಾನವು ಕನ್ನಡಕ್ಕೆ ಬಂದಾಗ ಸ್ನಾಯುವಿಗೆ ಕೆಲಸವಿಲ್ಲದೆ ಹೋಗಿ, ಹೆಸರಿಲ್ಲದಿದ್ದ ಮಾಂಸಖಂಡಕ್ಕೆ ಅದನ್ನು ನಿಯೋಗಿಸಿದರು. ತೆಲುಗಿನಲ್ಲಿ ನಡೆದುದೂ ಇಂಥದೇ. ಅಲ್ಲಿ ಮಾಂಸಖಂಡಕ್ಕೆ 'ಕಂಡರಮು' ಎನ್ನುತ್ತಾರೆ. ಸುಶ್ರುತನಲ್ಲಿ ಕಂಡರಾ ಎಂದರೆ ದೊಡ್ಡ ಹುರಿ, ಅವು ದೇಹದಲ್ಲಿ ೧೬. ನರವಿದ್ದ ಎರಡು ಭಾಷೆಗಳಲ್ಲಿ ಹುರಿಯ ಸಂಸ್ಕೃತಶಬ್ದಗಳು ಮಾಂಸಕ್ಕೆ ಇಳಿದುವೆಂಬುದು ಕಾಕತಾಳೀಯವಾಗಿರಲಾರದು. ಮಲೆಯಾಳದಲ್ಲಿ ಞರಂಬು ಇದ್ದೂ ಪೇಶಿಯು ಸ್ಥಾನಭ್ರಷ್ಟವಾಗಲಿಲ್ಲವಲ್ಲಾ ಎಂದು ಆಕ್ಷೇಪಿಸಬಹುದು. ಆ ನಾಡಿನಲ್ಲಿ ಅಷ್ಟಾಂಗಹೃದಯದ ಅಧ್ಯಯನವು ಮನೆತನಗಳ ವಿದ್ಯೆಯಾಗಿ ಎಡೆಬಿಡದೆ ನಡೆದುಬಂದುದರಿಂದ ಶಾಸ್ತ್ರಾರ್ಥವು ಸಡಿಲಲಿಲ್ಲವೆಂದು ಸಮಾಧಾನ.

ಹೆಸರಿಲ್ಲದಿದ್ದ ಮಾಂಸಖಂಡವೆಂದೆನಷ್ಟೆ, ಅದು ಪೂರ್ತಿ ನಿಜವಲ್ಲ. ಕನ್ನಡಕ್ಕೆ 'ಕಂಡ'ವೆಂಬ ಅಚ್ಚ ಶಬ್ದವಿತ್ತು. ತೆಲುಗಿನಲ್ಲಿಯೂ 'ಕಂಡ' ಮಾಂಸವೇ. ಸಂಸ್ಕೃತದ ತುಂಡಿನ 'ಖಂಡ'ದೊಡನೆ ಅದು ಬೆರೆತು ಮಾಂಸಖಂಡವಾಯಿತು. ಕಾಲಿನ ಹಿಂಬದಿಯ ದಪ್ಪಮಾಂಸವನ್ನು ನಮ್ಮ ಜನ 'ಮೀನಖಂಡ'ವೆಂದು ಕರೆಯುತ್ತಾರೆ. ಚರ್ಮದಡಿಯಲ್ಲಿ ಮೀನು ಹೊರಳಿದಂತೆ ಅದು ಹೊರಳುತ್ತದೆ. ರೋಮನರಿಗೆ ಅದೇ ಹೊರಳಾಟವು ಇಲಿಮರಿಯಂತೆ ಕಂಡು, ಅವರ ಭಾಷೆಯಲ್ಲಿ ಮಾಂಸಖಂಡದ ಹೆಸರೇ ಚಿಕ್ಕ ಇಲಿ ಎಂದಾಯಿತು. ಇಷ್ಟು ಕಣ್ಣುಳ್ಳ ಶಬ್ದವು ಕೈಯಲ್ಲಿದ್ದರೂ ಪರಿಭಾಷೆಯನ್ನು ಕಟ್ಟಿದವರು ಅದನ್ನು ಮುಖ್ಯಸ್ಥಾನದಿಂದ ದೂರವಿಟ್ಟರು. ಅಂಗಡಿಯ ವಾಸನೆಯುಳ್ಳ ಮಾತು ಶಾಸ್ತ್ರಕ್ಕೆ ಸಲ್ಲದೆಂಬ ಸಂಕೋಚವೇ ಇದರ ಹಿಂದಿರಬೇಕೆಂದು ತೋರುತ್ತದೆ.

ಕನ್ನಡದಲ್ಲಿ ವಿಜ್ಞಾನಪರಿಭಾಷೆಯ ಪ್ರಶ್ನೆಯು ಗಂಭೀರವಾಗಿ ಎದ್ದುದು ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ೧೯೧೮ರಲ್ಲಿ ಆರಂಭಿಸಿದ 'ವಿಜ್ಞಾನ' ಪತ್ರಿಕೆಯ ಕಾಲಕ್ಕೆ. ಪುತ್ತೂರಿನಲ್ಲಿ ನೆಲಸಿದ್ದ ಶಿವರಾಮ ಕಾರಂತರು ೧೯೩೬ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನೂ, ೧೯೫೯ರಿಂದ ಮೊದಲ್ಗೊಂಡು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನೂ ಹೊರತಂದರು. ೧೯೪೧ರಲ್ಲಿ 'ಸಿರಿಗನ್ನಡ ಅರ್ಥಕೋಶ'ವನ್ನೂ ರಚಿಸಿದರು. ಒಬ್ಬನೇ ಲೇಖಕನು ಒಂದು ಕೈಯಲ್ಲಿ ನಿಘಂಟನ್ನೂ ಇನ್ನೊಂದು ಕೈಯಲ್ಲಿ ಪ್ರಾಣಿಶಾಸ್ತ್ರವನ್ನೂ ಹಿಡಿದುದು ಈ ಸೀಮೆಯ ಭಾಗ್ಯ.

ಇಂದು ಸ್ನಾಯುವನ್ನು ಪಾಠಪುಸ್ತಕದಿಂದ ತೆಗೆದುಹಾಕಿ ಪೇಶಿಯನ್ನು ಕೂರಿಸಬೇಕೆಂದು ಹೇಳುವುದು ವ್ಯರ್ಥ. ಹಲವು ತಲೆಮಾರುಗಳ ಬಾಯಲ್ಲಿ ನಿಂತ ಶಬ್ದವು ಲೇಖನದಿಂದ ಅಲುಗುವುದಿಲ್ಲ, ಅಲುಗಬೇಕಾದುದೂ ಇಲ್ಲ. ಹುರಿಗೆ ಪಾಠಪುಸ್ತಕಗಳು 'ಸ್ನಾಯುರಜ್ಜು' ಎಂದಿವೆ. ಸುಶ್ರುತನ ಕಿವಿಗೆ ಇದು ಹಗ್ಗದ ಹಗ್ಗವೆಂದು ಕೇಳಿಸಿದರೂ ಕೆಲಸ ನಡೆಯುತ್ತದೆ. ಎಳೆಗಳ ನಡುವಣ ನಾರಿಗೆ 'ಸಂಯೋಜಕ ಅಂಗಾಂಶ'ವೆಂಬ ಹೆಸರೂ ರೂಢಿಯಲ್ಲಿದೆ. ತೊಂದರೆಯಾಗುವುದು ಹಳಗನ್ನಡ ಮತ್ತು ಸಂಸ್ಕೃತ ವೈದ್ಯಗ್ರಂಥಗಳನ್ನು ಸಂಪಾದಿಸುವವರಿಗೂ ಅವನ್ನು ಪಾಠಹೇಳುವ ಸಾಹಿತ್ಯಾಧ್ಯಾಪಕರಿಗೂ. ಗೋವೈದ್ಯದಂಥ ಕೃತಿಯನ್ನಾಗಲಿ ಕಲ್ಯಾಣಕಾರಕವನ್ನಾಗಲಿ ಓದುವಾಗ ಸ್ನಾಯುವೆಂಬುದು ಬಂದಲ್ಲಿ ಈಗಿನ ಅರ್ಥವನ್ನು ಹಚ್ಚಿದರೆ, ನಾರು ಹರಿದದ್ದಕ್ಕೆ ಹೇಳಿದ ಚಿಕಿತ್ಸೆ ಮಾಂಸಕ್ಕೆ ಹೋಗುತ್ತದೆ. ಅಲ್ಲಿ ಒಂದು ಸಾಲಿನ ಅಡಿಟಿಪ್ಪಣಿಯನ್ನು ಕೊಡುವುದು ಸಂಪಾದಕನ ಕರ್ತವ್ಯವೆಂದೇ ನಾನು ತಿಳಿಯುತ್ತೇನೆ. ವೈದ್ಯದ ವಿಷಯದಲ್ಲಿ ಅರ್ಥದೋಷವು ಛಂದೋದೋಷದಂತೆ ನಿರಪಾಯವಲ್ಲ.

ಎರಡು ಪದಾರ್ಥಗಳನ್ನು ಕಣ್ಣಾರೆ ಬೇರ್ಪಡಿಸಿ ತೋರಿಸುವ ಉಪಾಯವೊಂದನ್ನು ಅಮೆರಿಕದ ವಾನ್ ಗೀಸನ್ ೧೮೮೯ರಲ್ಲಿ ಸೂಚಿಸಿದನು. ನಾಲಗೆಯ ತೆಳುವಾದ ಚೂರನ್ನು ಅವನು ಹೇಳಿದ ಬಣ್ಣದಲ್ಲಿ ಅದ್ದಿದರೆ ಮಾಂಸತಂತುಗಳು ಹಳದಿಯಾಗಿಯೂ ಬಂಧಕನಾರು ಕೆಂಪಾಗಿಯೂ ನಿಲ್ಲುತ್ತವೆ. ಮರಿಯ ನಾಲಗೆಯಲ್ಲಿ ಹಳದಿಯ ಚುಕ್ಕೆಗಳು ಸಣ್ಣವು, ನಡುವಣ ಕೆಂಪು ನವಿರು. ಬಲಿತ ಕುರಿಯದರಲ್ಲಿ ಹಳದಿಯ ಚುಕ್ಕೆಗಳು ಉಬ್ಬಿ, ಅವುಗಳ ಗುಂಪುಗಳನ್ನು ಸುತ್ತಿದ ಕೆಂಪು ಗೆರೆಗಳು ಗಟ್ಟಿಯಾಗಿರುತ್ತವೆ. ಆ ಎರಡು ಚೂರುಗಳ ಚಿತ್ರವನ್ನು ಕನ್ನಡ ಪುಸ್ತಕದಲ್ಲಿ ಅಚ್ಚುಮಾಡುವವನು ಹಳದಿಯ ಪಕ್ಕದಲ್ಲಿ ಸ್ನಾಯುವೆಂದು ಬರೆಯುತ್ತಾನೆ; ಅದೇ ಚಿತ್ರವನ್ನು ಸುಳ್ಯದ ಆಯುರ್ವೇದದ ವಿದ್ಯಾರ್ಥಿಯ ಮುಂದಿಟ್ಟರೆ ಅವನ ಬೆರಳು ಕೆಂಪು ಗೆರೆಯ ಮೇಲೆ ನಿಲ್ಲುತ್ತದೆ.